ಮೊದಲ ದಿನ ಕಳ್ಳ, ಮರುದಿನ ಪೊಲೀಸ್: ಮನೆಯ ಹಿರಿಯರಿಗೆ ‘ಕವಲುದಾರಿ’ ತೋರಿಸುವುದು ಹೇಗೆ

ಕೊಪ್ಪಳದ ನಮ್ಮ ಮನೆಯಲ್ಲಿ ಅಪ್ಪನಿಗೆ ಅರವತ್ತೈದು ದಾಟಿದೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ದೊಡ್ಡಪ್ಪನಿಗೆ ಎಪ್ಪತ್ತೆರಡು. ಅವ್ವ ಇದ್ದಾಳೆ, ಪಕ್ಕದ ಮನೆ ಕಾಕಾ ಇದ್ದಾರೆ. ಇವರನ್ನೆಲ್ಲ ಕೂರಿಸಿ ಒಂದು ಕ್ರೈಮ್ ಸಿನಿಮಾ ಮೊದಲಿಂದ ಕೊನೆವರೆಗೂ ತೋರಿಸಬೇಕು ಅಂದ್ರೆ ಸ್ವಲ್ಪ ತಯಾರಿ ಬೇಕು. ಸುಮ್ನೆ ಟಿವಿ ಹಚ್ಚಿ ರಿಮೋಟ್ ಕೈಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಒಬ್ಬರು ನಿದ್ದೆ ಹೋಗಿರುತ್ತಾರೆ, ಇನ್ನೊಬ್ಬರು ‘ಏ ತಮ್ಮಾ, ಅಂವ ಏನಂದಾ?’ ಅಂತ ಕೇಳುತ್ತಲೇ ಇರುತ್ತಾರೆ.

ನಾನು ಹೇಳುತ್ತಿರುವುದು ಅನಂತ್ ನಾಗ್ ಇರುವ ‘ಕವಲುದಾರಿ’ ಬಗ್ಗೆ. 2019ರ ಏಪ್ರಿಲ್ 12ರಂದು ಬಂದ ಸಿನಿಮಾ. ನಿರ್ದೇಶಕರು ಹೇಮಂತ್ ಎಂ. ರಾವ್. ಆಗ ಅನಂತ್ ನಾಗ್‌ಗೆ ಎಪ್ಪತ್ತು ವರ್ಷ. ನಮ್ಮ ಹಿರಿಯರು ಅವರನ್ನು ಹುಡುಗನಾಗಿದ್ದಾಗಿನಿಂದ ನೋಡಿದವರು, ಅವರ ಜೊತೆಗೇ ವಯಸ್ಸಾದವರು. ಹಾಗಾಗಿ ಈ ಸಿನಿಮಾದಲ್ಲಿ ಅವರಿಗೆ ಕಾಣುವುದು ನಮಗೆ ಕಾಣುವುದಿಲ್ಲ. ಅದು ಅವರಿಗೆ ಪೂರ್ತಿ ಕಾಣುವ ಹಾಗೆ ಮಾಡುವುದು ತೋರಿಸುವವರ ಕೆಲಸ.

ನಾನು ಮೊದಲ ಸಲ ತೋರಿಸಿದಾಗ ಕೆಟ್ಟುಹೋಯಿತು. ಮೇ ತಿಂಗಳು, ಮಾಳಿಗೆ ಮೇಲೆ, ಬಾಡಿಗೆಗೆ ತಂದ ಸಣ್ಣ ಪ್ರೊಜೆಕ್ಟರ್, ಹಳೆ ಬೆಡ್‌ಶೀಟ್. ಕ್ರೈಮ್ ಸಿನಿಮಾ ಅಂದ ಮೇಲೆ ರಾತ್ರಿ ದೃಶ್ಯಗಳು ಜಾಸ್ತಿ, ಕತ್ತಲೆ ಕೋಣೆಗಳು ಜಾಸ್ತಿ. ಶೀಟ್ ಮೇಲೆ ಬರೀ ಕಪ್ಪು. ಯಾರು ಬಂದರು, ಯಾರು ಹೋದರು ತಿಳಿಯಲಿಲ್ಲ. ಅಪ್ಪ ಏನೂ ಅನ್ನದೆ ಎದ್ದು ಕೆಳಗೆ ಹೋಗಿ ಮಲಗಿದರು. ನನಗೆ ಬಹಳ ಬೇಜಾರಾಯಿತು, ಯಾಕೆಂದರೆ ಆ ಸಿನಿಮಾ ಅವರಿಗೆ ಇಷ್ಟವಾಗುತ್ತದೆ ಅಂತ ನನಗೆ ಖಾತ್ರಿ ಇತ್ತು. ಎರಡನೇ ಸಲ ಎರಡು ದಿನ ಇಟ್ಟುಕೊಂಡು ಮಾಡಿದೆ. ಆಗ ಕೂಡಿಬಂತು. ಹೆಂಗೆ ಮಾಡಿದೆ ಅಂತ ಹೇಳುತ್ತೇನೆ.

ಒಂದೇ ಸಿನಿಮಾ ಸಾಲದು, ಎರಡು ಬೇಕು

ಮೊದಲ ದಿನ ‘ಮಿಂಚಿನ ಓಟ’ ತೋರಿಸಿ. 1980ರದ್ದು. ಶಂಕರ್ ನಾಗ್ ನಿರ್ದೇಶನ ಮಾಡಿದ ಮೊದಲ ಸಿನಿಮಾ. ಅದರಲ್ಲಿ ಅನಂತ್ ನಾಗ್ ಕಳ್ಳ. ಜೊತೆಗೆ ಶಂಕರ್ ನಾಗ್, ಲೋಕನಾಥ್. ವಾಹನ ಕದಿಯೋದು, ಸಿಕ್ಕಿಬೀಳೋದು, ಜೈಲಿನಿಂದ ತಪ್ಪಿಸಿಕೊಂಡು ಓಡೋದು. ಮರುದಿನ ‘ಕವಲುದಾರಿ’ ತೋರಿಸಿ. ಅದರಲ್ಲಿ ಅದೇ ಮನುಷ್ಯ ನಿವೃತ್ತ ಪೊಲೀಸ್ ಅಧಿಕಾರಿ, ಒಂಟಿ, ಕುಡಿತಕ್ಕೆ ಬಿದ್ದವನು.

ಈ ಎರಡರ ನಡುವೆ 39 ವರ್ಷ ಇದೆ. ‘ಕವಲುದಾರಿ’ ಕಥೆಯಲ್ಲಿ ಬರುವ ಕೊಲೆ ಕೇಸಿಗೂ ಸುಮಾರು ನಲವತ್ತು ವರ್ಷ ಆಗಿರುತ್ತದೆ. ಇದು ಗೊತ್ತಾದ ಮೇಲೆ ನನಗೆ ಸಿನಿಮಾ ನೋಡುವ ರೀತಿಯೇ ಬೇರೆ ಆಯಿತು. ನಲವತ್ತು ವರ್ಷ ಹಿಂದಿನ ಕೇಸು ಅಂತ ಪಾತ್ರ ಹೇಳಿದಾಗ, ನಲವತ್ತು ವರ್ಷ ಅಂದ್ರೆ ಎಷ್ಟು ಅಂತ ತೋರಿಸಲು ಬೇರೆ ಏನೂ ಬೇಕಾಗಿಲ್ಲ, ಆ ಮುಖ ಸಾಕು. ಹಿಂದಿನ ದಿನ ತಾನೇ ಆ ಮುಖವನ್ನು ಮೂವತ್ತರ ಹರೆಯದಲ್ಲಿ ನೋಡಿರುತ್ತೀರಿ, ಕೂದಲು, ನಗು, ಓಡುವ ಕಾಲು ಎಲ್ಲ ಇನ್ನೂ ಕಣ್ಣಲ್ಲಿರುತ್ತದೆ. ಮೇಕಪ್ ಹಾಕಿದ ಚಿಕ್ಕ ವಯಸ್ಸಿನ ನಟನಿಂದ ಇದು ಆಗುವ ಕೆಲಸ ಅಲ್ಲ.

ಮಧ್ಯದಲ್ಲಿ ಇನ್ನೊಂದು ಸೇರಿಸಬೇಕು ಅನ್ನಿಸಿದರೆ ಅದೇ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಇದೆ, 2016ರದ್ದು. ಮರೆವಿನ ಕಾಯಿಲೆ ಇರುವ ತಂದೆಯ ಪಾತ್ರ. ಆದರೆ ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಶುರುವಾಗಿದ್ದರೆ ಕೇಳದೆ ಹಚ್ಚಬೇಡಿ. ಅವ್ವನಂಥವರು ‘ಬಯಲು ದಾರಿ’ ಕೇಳುತ್ತಾರೆ, ಅದು 1976, ಕಲ್ಪನಾ ಜೊತೆಗಿನದು. ಅದನ್ನು ಇನ್ನೊಂದು ದಿನಕ್ಕೆ ಇಡಿ. ಮೂರು ದಿನ ಸಾಲಾಗಿ ಸಿನಿಮಾ ಅಂದ್ರೆ ನಮ್ಮ ಹಿರಿಯರಿಗೆ ಆಗುವುದಿಲ್ಲ.

ಮನೆಯವರು ಅಣ್ಣಾವ್ರ ಅಭಿಮಾನಿಗಳು, ಅವರನ್ನು ಬಿಟ್ಟು ಬೇರೆ ಮಾತೇ ಇಲ್ಲ ಅನ್ನುವವರಾದರೆ ‘ಶಬ್ದವೇಧಿ’ ಹಾಕಿ. 2000ರಲ್ಲಿ ಬಂದದ್ದು, ರಾಜ್‌ಕುಮಾರ್ ನಟಿಸಿದ ಕೊನೆಯ ಸಿನಿಮಾ, ಎಪ್ಪತ್ತು ದಾಟಿದ ಮೇಲೆ ಪೊಲೀಸ್ ಪಾತ್ರ. ಅದು ಬೇರೆ ಥರದ ಸಿನಿಮಾ, ಅಲ್ಲಿ ನಾಯಕನಿಗೆ ವಯಸ್ಸಾಗಿದೆ ಅಂತ ಕಥೆ ಒಪ್ಪಿಕೊಳ್ಳುವುದಿಲ್ಲ. ‘ಕವಲುದಾರಿ’ ಒಪ್ಪಿಕೊಳ್ಳುತ್ತದೆ. ನನಗೆ ಇದು ಜಾಸ್ತಿ ಇಷ್ಟವಾಗುವುದು ಅದಕ್ಕೇ.

ಎಲ್ಲಿ ತೋರಿಸಬೇಕು

‘ಮಿಂಚಿನ ಓಟ’ವನ್ನು ಮಾಳಿಗೆ ಮೇಲೆ, ‘ಕವಲುದಾರಿ’ಯನ್ನು ಒಳಗೆ ಟಿವಿಯಲ್ಲಿ. ಇದನ್ನು ಅದಲು ಬದಲು ಮಾಡಬೇಡಿ. ಹಳೆ ಸಿನಿಮಾ ಸ್ವಲ್ಪ ಮಸುಕಾದರೂ ನಡೆಯುತ್ತದೆ, ಹಿರಿಯರಿಗೆ ಟಾಕೀಸಿನಲ್ಲಿ ನೋಡಿದ ನೆನಪು ಇರುತ್ತದೆ, ಹೊರಗೆ ಗಾಳಿಯಲ್ಲಿ ಕೂತು ನೋಡಿದರೆ ಅದೇ ಖುಷಿ. ಹೊಸದು ಕತ್ತಲೆ ಸಿನಿಮಾ. ಅದಕ್ಕೆ ಒಳ್ಳೆ ಟಿವಿ ಬೇಕು, ಕೋಣೆಯ ದೀಪ ಆರಿಸಿರಬೇಕು.

ಮಾಳಿಗೆ ಮೇಲೆ ಮಾಡುವವರು ಬಿಸಿಲು ಇಳಿದ ಕೂಡಲೇ ನೆಲಕ್ಕೆ ನಾಲ್ಕೈದು ಕೊಡ ನೀರು ಹೊಡೆಯಿರಿ. ಕೊಪ್ಪಳ, ರಾಯಚೂರು, ಬಳ್ಳಾರಿ ಬೇಸಿಗೆ ಗೊತ್ತಲ್ಲ, ಹಗಲು ನಲವತ್ತು ಡಿಗ್ರಿ ಕುಡಿದ ಸ್ಲ್ಯಾಬು ರಾತ್ರಿ ಒಂಬತ್ತಾದರೂ ಕುಂಡಿ ಸುಡುತ್ತದೆ. ನೀರು ಹೊಡೆದು ಒಂದು ಗಂಟೆ ಬಿಟ್ಟು, ಜಮಖಾನ ಹಾಸಿ, ಅದರ ಮೇಲೆ ಕೌದಿ ಹಾಕಿ. ಮಂಡಿ ನೋವಿನವರಿಗೆ ಕುರ್ಚಿ, ಅದೂ ಕೈ ಇರುವ ಕುರ್ಚಿ. ಮೇಯಲ್ಲಿ ಏಳೂ ಕಾಲು ಆಗದೆ ಪೂರ್ತಿ ಕತ್ತಲಾಗುವುದಿಲ್ಲ, ಅದಕ್ಕೆ ಮುಂಚೆ ಶುರು ಮಾಡಿ ಪ್ರಯೋಜನ ಇಲ್ಲ. ಸಿನಿಮಾ ಮುಗಿದಾಗ ಹೊತ್ತಾಗಿರುತ್ತದೆ, ಹಾಗಾಗಿ ಊಟ ಮೊದಲೇ ಆಗಿರಬೇಕು.

ಪರದೆಗೆ ಬೆಡ್‌ಶೀಟ್ ಕಟ್ಟುವುದಕ್ಕಿಂತ ಮೆಟ್ಟಿಲು ಕೋಣೆಯ ಗೋಡೆಗೆ ಬಿಳಿ ಸುಣ್ಣ ಹೊಡೆಸಿದ್ದರೆ ಅದೇ ವಾಸಿ. ಶೀಟ್ ಕಟ್ಟಿದರೆ ಗಾಳಿಗೆ ಹೀರೋ ಮುಖ ಹೊಟ್ಟೆ ಉಬ್ಬಿದ ಹಾಗೆ ಆಗುತ್ತದೆ. ಕಟ್ಟಲೇಬೇಕಾದರೆ ಎರಡು ಮಡಿಕೆ ಮಾಡಿ, ಕೆಳಗಿನ ಅಂಚಿಗೆ ಬಿದಿರು ಕೋಲು ಹೊಲಿದು, ಕೋಲಿನ ಎರಡು ತುದಿಗೆ ಇಟ್ಟಿಗೆ ಕಟ್ಟಿ. ಪ್ರೊಜೆಕ್ಟರ್ ಅನ್ನು ಮದುವೆಗೆ ಶಾಮಿಯಾನ, ಸೌಂಡ್ ಕೊಡುವ ಅಂಗಡಿಯವರ ಹತ್ತಿರ ಕೇಳಿ, ಇಲ್ಲದಿದ್ದರೆ ಯಾರ ಹತ್ತಿರ ಇದೆ ಅಂತ ಅವರೇ ಹೇಳುತ್ತಾರೆ. ತರುವ ಮುಂಚೆ ಅಂಗಡಿಯಲ್ಲೇ ಒಂದು ಕತ್ತಲೆ ದೃಶ್ಯ ಹಾಕಿಸಿ ನೋಡಿ. ಅಲ್ಲಿ ಮುಖ ಕಾಣದಿದ್ದರೆ ಮಾಳಿಗೆ ಮೇಲೂ ಕಾಣುವುದಿಲ್ಲ. ಇನ್ನೊಂದು ಮಾತು, ಮನೆಯವರು, ನೆಂಟರು ನೋಡಿದರೆ ಸರಿ. ಓಣಿಗೆಲ್ಲ ಕರೆದು ರಸ್ತೆಯಲ್ಲಿ ಪರದೆ ಕಟ್ಟಿದರೆ ಅದಕ್ಕೆ ಸಿನಿಮಾದವರ ಒಪ್ಪಿಗೆ ಬೇಕಾಗುತ್ತದೆ, ಆ ಗೊಡವೆಗೆ ಹೋಗಬೇಡಿ.

ಮೊಬೈಲ್ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬರೋದು ಬೇಡ. ಅದು ತಪ್ಪು ಅನ್ನೋದು ಒಂದು, ಆ ಕಾಪಿಗಳಲ್ಲಿ ಎಷ್ಟೋ ಸಲ ಮಾತು ಸರಿಯಾಗಿ ಕೇಳಿಸುವುದಿಲ್ಲ ಅನ್ನೋದು ಇನ್ನೊಂದು. ಸಿನಿಮಾ ಈಗ ಯಾವ ಆ್ಯಪ್‌ನಲ್ಲಿ ಇದೆ ಅಂತ ಒಂದು ವಾರ ಮುಂಚೆ ನೋಡಿ, ಹಿಂದಿನ ದಿನವೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಕೊಲೆಗಾರ ಯಾರು ಅಂತ ಗೊತ್ತಾಗುವ ಹೊತ್ತಿಗೆ ನೆಟ್ ಸುತ್ತತೊಡಗಿದರೆ ಅಲ್ಲಿಗೆ ಮುಗಿಯಿತು. ಕರೆಂಟ್ ಹೋಗುವ ಊರಿನವರು ಟಿವಿಯನ್ನು ಇನ್ವರ್ಟರ್ ಲೈನಿಗೆ ಹಾಕಿಸಿ.

ಮಾತು ಕೇಳಿಸಬೇಕು, ಇದೇ ಮುಖ್ಯ

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಿರಿಯರು ಕ್ರೈಮ್ ಸಿನಿಮಾ ಬಿಟ್ಟು ಏಳುವುದು ಕಥೆ ಹಿಡಿಸದೆ ಅಲ್ಲ, ಮಾತು ಕೇಳಿಸದೆ. ಫೈಟ್ ಸಿನಿಮಾದಲ್ಲಿ ನಾಲ್ಕು ಮಾತು ತಪ್ಪಿದರೂ ನಡೆಯುತ್ತದೆ. ತನಿಖೆ ಸಿನಿಮಾದಲ್ಲಿ ಒಂದು ಹೆಸರು ತಪ್ಪಿದರೆ ಮುಂದಿನದು ಯಾವುದೂ ಕೂಡುವುದಿಲ್ಲ. ಅದರ ಮೇಲೆ ಅನಂತ್ ನಾಗ್ ಕೂಗಿ ಮಾತಾಡುವ ನಟ ಅಲ್ಲ. ಮೆಲ್ಲಗೆ, ಪಕ್ಕದಲ್ಲಿ ಕೂತವನಿಗೆ ಹೇಳಿದ ಹಾಗೆ ಹೇಳುತ್ತಾರೆ.

ವಯಸ್ಸಾದವರಿಗೆ ಶಬ್ದ ಕೇಳಿಸುತ್ತದೆ, ಅಕ್ಷರ ಬಿಡಿಸಿ ಕೇಳಿಸುವುದಿಲ್ಲ. ಸಣ್ಣ, ಚೂಪಾದ ಸದ್ದುಗಳು ಮೊದಲು ಹೋಗುತ್ತವೆ. ಸ, ಶ, ಫ, ತ ಇಂಥವು. ಅದಕ್ಕೇ ‘ಸೌಂಡ್ ಜಾಸ್ತಿ ಮಾಡು’ ಅಂತ ಜಾಸ್ತಿ ಮಾಡಿದರೆ ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತದೆ, ಮಾತು ಅಲ್ಲೇ ಇರುತ್ತದೆ. ಟಿವಿ ಸೆಟ್ಟಿಂಗ್‌ನಲ್ಲಿ ಬಾಸ್ ಕಡಿಮೆ ಮಾಡಿ, ಟ್ರೆಬಲ್ ಸ್ವಲ್ಪ ಏರಿಸಿ. ಈಗಿನ ಟಿವಿಗಳಲ್ಲಿ ‘ಕ್ಲಿಯರ್ ವಾಯ್ಸ್’ ಅನ್ನುವ ಥರದ ಒಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಆ್ಯಪ್‌ನಲ್ಲಿ ಐದು ಸ್ಪೀಕರಿನ ಸೌಂಡು ಬರುತ್ತಿದ್ದರೆ ಅದನ್ನು ತೆಗೆದು ಸ್ಟೀರಿಯೋಗೆ ಹಾಕಿ. ಸ್ಪೀಕರ್ ಇದ್ದರೆ ಟಿವಿ ಹತ್ತಿರ ಇಡಬೇಡಿ, ಹಿರಿಯರು ಕೂರುವ ಜಾಗದ ಪಕ್ಕ, ಕಿವಿಯ ಎತ್ತರಕ್ಕೆ ಸ್ಟೂಲ್ ಮೇಲೆ ಇಡಿ. ವೈರಿನಲ್ಲೇ ಜೋಡಿಸಿ. ಬ್ಲೂಟೂತ್‌ನಲ್ಲಿ ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುವುದುಂಟು, ಕಿವಿ ಮಂದ ಇರುವವರು ತುಟಿ ನೋಡಿಯೇ ಅರ್ಧ ತಿಳಿದುಕೊಳ್ಳುತ್ತಾರೆ, ಅದು ತಪ್ಪಿದರೆ ಅವರಿಗೆ ಬಹಳ ತೊಂದರೆ.

ಇನ್ನು ನಮ್ಮ ಕಡೆಯ ದೊಡ್ಡ ಶತ್ರು ಕೂಲರ್. ಕೂಲರ್ ಹಚ್ಚಿ ಅನಂತ್ ನಾಗ್ ಮಾತು ಕೇಳೋದು ಅಂದ್ರೆ ಗಿರಣಿಯಲ್ಲಿ ಕೂತು ಪುರಾಣ ಕೇಳಿದ ಹಾಗೆ. ಸಿನಿಮಾಕ್ಕೆ ಒಂದು ಗಂಟೆ ಮುಂಚೆ ಕೂಲರ್ ಹಚ್ಚಿ ಕೋಣೆ ತಣ್ಣಗೆ ಮಾಡಿ, ಶುರುವಾದ ಮೇಲೆ ಆರಿಸಿ, ಫ್ಯಾನ್ ಎರಡರಲ್ಲಿ ಇಡಿ. ಮಧ್ಯದ ವಿರಾಮದಲ್ಲಿ ಮತ್ತೆ ಹತ್ತು ನಿಮಿಷ ಹಚ್ಚಿ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೂ ಆಗುತ್ತದೆ. ನಾವು ಹಾಗೇ ಮಾಡಿದೆವು, ಯಾರೂ ಸೆಕೆ ಅನ್ನಲಿಲ್ಲ.

ತಿನ್ನೋದು ನಮ್ಮ ಕಡೆ ಮಿರ್ಚಿ, ಒಗ್ಗರಣಿ ಮಂಡಾಳು ಇಲ್ಲದೆ ಆಗುವುದಿಲ್ಲ. ಆದರೆ ಸಿನಿಮಾ ನೋಡುತ್ತಾ ತಿನ್ನೋದು ಮೊದಲ ದಿನಕ್ಕೆ ಮಾತ್ರ. ಎರಡನೇ ದಿನ ವಿರಾಮದಲ್ಲಿ ಕೊಡಿ, ಮಂಡಾಳು ಅಗಿಯುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಶುರು ಮಾಡುವ ಮುಂಚೆ ಏನು ಹೇಳಬೇಕು

ಸ್ವಲ್ಪವೇ ಹೇಳಿ. ಶ್ಯಾಮ್ ಅಂತ ಒಬ್ಬ ಟ್ರಾಫಿಕ್ ಪೊಲೀಸ್ ಇದ್ದಾನೆ, ಆ ಪಾತ್ರ ಮಾಡಿದವರು ರಿಷಿ. ಅವನಿಗೆ ಕ್ರೈಮ್ ವಿಭಾಗಕ್ಕೆ ಹೋಗುವ ಆಸೆ, ಯಾರೂ ಬಿಡುತ್ತಿಲ್ಲ. ನೆಲ ಅಗೆಯುವಾಗ ಮನುಷ್ಯರ ಮೂಳೆ ಸಿಗುತ್ತವೆ, ಕೇಸು ಬಹಳ ಹಳೆಯದು. ಆ ಕೇಸನ್ನು ಆಗ ಹಿಡಿದಿದ್ದ ಅಧಿಕಾರಿ ಮುತ್ತಣ್ಣ, ಅವರೇ ಅನಂತ್ ನಾಗ್. ಅಚ್ಯುತ್ ಕುಮಾರ್ ಬಂದಾಗ ‘ಇವರು ಪತ್ರಕರ್ತ’ ಅನ್ನಿ. ಅಷ್ಟೇ. ಮುಂದಿನದು ಒಂದು ಅಕ್ಷರ ಬೇಡ.

ಬಳ್ಳಾರಿ, ರಾಯಚೂರು ಕಡೆ ನೆಂಟರಿದ್ದರೆ ಒಂದು ಎಚ್ಚರ ಬೇಕು. ಈ ಸಿನಿಮಾ 2021ರಲ್ಲಿ ತೆಲುಗಿನಲ್ಲಿ ‘ಕಪಟಧಾರಿ’ ಅಂತ, ತಮಿಳಿನಲ್ಲಿ ‘ಕಬಡದಾರಿ’ ಅಂತ ಮತ್ತೆ ಬಂದಿದೆ. ಎರಡರಲ್ಲೂ ಹಳೆ ಪೊಲೀಸ್ ಪಾತ್ರ ನಾಸರ್ ಅವರದು. ಬಳ್ಳಾರಿಯಿಂದ ಬಂದಿದ್ದ ನಮ್ಮ ಅತ್ತೆ ತೆಲುಗಿನದು ನೋಡಿದ್ದರು. ಮೂಳೆ ಸಿಕ್ಕ ಕೂಡಲೇ ‘ಇದು ಗೊತ್ತದ ನನಗ’ ಅಂದರು. ನಾನು ಅವರ ಪಕ್ಕ ಹೋಗಿ ಕೂತು, ‘ಅತ್ತಿ, ನೀವು ಹೇಳಬ್ಯಾಡ್ರಿ, ನಾಸರ್ ಹೆಂಗ ಮಾಡ್ಯಾರ, ಇವರು ಹೆಂಗ ಮಾಡ್ಯಾರ, ಅದನ್ನಷ್ಟ ನೋಡಿ ಆಮ್ಯಾಲ ಹೇಳ್ರಿ’ ಅಂದೆ. ಕೊನೆವರೆಗೂ ಒಂದು ಮಾತಾಡಲಿಲ್ಲ. ಮುಗಿದ ಮೇಲೆ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವರು ಅವರೇ.

ಹೆಸರು ಬರುವಾಗ ಪಿಆರ್‌ಕೆ ಅಂತ ಕಾಣುತ್ತದೆ. ಇದು ಪುನೀತ್ ರಾಜ್‌ಕುಮಾರ್ ತಮ್ಮ ಈ ಸಂಸ್ಥೆಯಿಂದ ಮಾಡಿದ ಮೊದಲ ಸಿನಿಮಾ. ನಮ್ಮ ಕಡೆ ಅಪ್ಪು ಹೆಸರು ಬಂದರೆ ಹುಡುಗರು ಕೂಗುತ್ತಾರೆ. ಕೂಗಲಿ. 2021ರಲ್ಲಿ ಅವರು ಹೋದ ಮೇಲೆ ಆ ಹೆಸರು ನೋಡಿದಾಗ ನನಗೂ ಒಂದು ಕ್ಷಣ ಗಂಟಲು ಕಟ್ಟುತ್ತದೆ. ಅದಾದ ಮೇಲೆ ಎಲ್ಲರೂ ಸುಮ್ಮನಾಗುವವರೆಗೆ ಒಂದು ನಿಮಿಷ ನಿಲ್ಲಿಸಿ, ಆಮೇಲೆ ಮುಂದುವರಿಸಿ.

ಕಥೆ ಈಗಿನ ಕಾಲಕ್ಕೂ ಹಿಂದಿನ ಕಾಲಕ್ಕೂ ಹೋಗಿ ಬಂದು ಮಾಡುತ್ತದೆ. ಹಿರಿಯರಿಗೆ ಗೊಂದಲ ಆಗುತ್ತದೆ ಅಂತ ನಾನು ಹೆದರಿದ್ದೆ. ಆಗಲಿಲ್ಲ. ಬಟ್ಟೆ, ಗಾಡಿ ನೋಡಿ ಅಪ್ಪ ನನಗಿಂತ ಮೊದಲು ‘ಇದು ಹಿಂದಿನದು’ ಅನ್ನುತ್ತಿದ್ದರು. ಆ ಕಾಲದಲ್ಲಿ ಬದುಕಿದವರು, ಅಲ್ವಾ. ಅವರು ಏನಾದರೂ ಕೇಳಿದರೆ ಸಿನಿಮಾ ನಿಲ್ಲಿಸಬೇಡಿ. ಪಕ್ಕದಲ್ಲಿ ಒಬ್ಬರೇ ಕೂತು, ಒಂದೇ ವಾಕ್ಯದಲ್ಲಿ, ಕಿವಿ ಹತ್ತಿರ ಹೇಳಿ. ನಾಲ್ಕು ಜನ ನಾಲ್ಕು ದಿಕ್ಕಿನಿಂದ ಹೇಳಿದರೆ ಅವರಿಗೆ ಅವಮಾನ ಆದ ಹಾಗೆ ಆಗುತ್ತದೆ. ಅರ್ಧಕ್ಕೆ ಬಂದಾಗ ನೀವೇ ನಿಲ್ಲಿಸಿ ಹದಿನೈದು ನಿಮಿಷ ಬಿಡಿ. ಬಚ್ಚಲಿಗೆ ಹೋಗಬೇಕು, ಮಾತ್ರೆ ತಗೋಬೇಕು, ಚಹಾ ಆಗಬೇಕು.

ಅನಂತ್ ನಾಗ್‌ರನ್ನು ಹೇಗೆ ನೋಡಬೇಕು

ಇದನ್ನು ಮನೆಯ ಹುಡುಗರಿಗೆ ಹೇಳುತ್ತಿದ್ದೇನೆ. ಹಿರಿಯರಿಗೆ ಹೇಳಬೇಕಾಗಿಲ್ಲ.

ನೀವು ಕೊಲೆಗಾರನನ್ನು ಹುಡುಕುತ್ತಾ ಕೂರುತ್ತೀರಿ, ಅದು ಸಹಜ. ಆದರೆ ಮುತ್ತಣ್ಣ ಪರದೆ ಮೇಲೆ ಇದ್ದಾಗ ಹುಡುಕೋದು ಬಿಟ್ಟು ಅವರನ್ನೇ ನೋಡಿ. ಅವರು ಮಾತಾಡುವ ಮುಂಚೆ ಎಷ್ಟು ಹೊತ್ತು ತಗೊಳ್ಳುತ್ತಾರೆ ನೋಡಿ. ಮೊದಲು ಶ್ಯಾಮ್ ಬಂದಾಗ ಅವರಿಗೆ ಕೇಸು ಬೇಡ, ಹುಡುಗ ಬೇಡ, ಯಾರೂ ಬೇಡ. ಆಮೇಲೆ ನಿಧಾನಕ್ಕೆ ಒಳಗಿನ ಪೊಲೀಸ್ ಏಳುತ್ತಾನೆ. ಈ ಬದಲಾವಣೆಗೆ ದೊಡ್ಡ ಡೈಲಾಗ್ ಬೇಕಾಗಿಲ್ಲ. ಕೂರುವ ರೀತಿ, ಕೇಳುವ ರೀತಿ, ಎದುರಿನವನನ್ನು ನೋಡುವ ಹೊತ್ತು, ಇಷ್ಟರಲ್ಲೇ ಬರುತ್ತದೆ. 1980ರ ಕಳ್ಳ ಓಡುತ್ತಿದ್ದ. ಈ ಪೊಲೀಸ್ ಓಡುವುದಿಲ್ಲ, ಓಡುವ ಕೆಲಸ ಹುಡುಗನದು. ಇವರು ಕೂತಲ್ಲೇ ದೃಶ್ಯವನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

ಇದು ಒಂದು ಸಿನಿಮಾದಿಂದ ಬಂದದ್ದಲ್ಲ. 1973ರ ‘ಸಂಕಲ್ಪ’ದಿಂದ ಶುರುವಾದವರು. ಮರುವರ್ಷ ಶ್ಯಾಮ್ ಬೆನಗಲ್‌ರ ‘ಅಂಕುರ್’, 1975ರಲ್ಲಿ ಜಿ.ವಿ. ಅಯ್ಯರ್‌ರ ‘ಹಂಸಗೀತೆ’. ಆಮೇಲೆ ಪ್ರೇಮಕಥೆ, ಹಾಸ್ಯ, ಎಲ್ಲ ಆಯಿತು. 2025ರಲ್ಲಿ ಪದ್ಮಭೂಷಣ ಬಂದಾಗ ನಮ್ಮ ಅಪ್ಪ ‘ತಡ ಆತು’ ಅಂದಿದ್ದರು. ಅವರ ವಯಸ್ಸಿನ ಬಹಳ ನಟರು ವಯಸ್ಸನ್ನು ಮುಚ್ಚಿಕೊಂಡು ಫೈಟ್ ಮಾಡುತ್ತಾರೆ, ಅದನ್ನು ಇಷ್ಟಪಡುವವರೂ ಇದ್ದಾರೆ, ಅವರ ಇಷ್ಟ. ಇಲ್ಲಿ ವಯಸ್ಸೇ ಕಥೆಯ ಕೆಲಸಕ್ಕೆ ಬರುತ್ತದೆ. ಹಳೆ ಕೇಸು ಗೊತ್ತಿರುವ ಒಬ್ಬನೇ ಮನುಷ್ಯ ಅಂದ ಮೇಲೆ ಅವನಿಗೆ ವಯಸ್ಸಾಗಿರಲೇಬೇಕು.

ಮೊದಲ ದಿನದ್ದು ಒಂದು ಹೇಳುವುದು ಬಿಟ್ಟೆ. ‘ಮಿಂಚಿನ ಓಟ’ದಲ್ಲಿ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಕಂಡ ಕೂಡಲೇ ಹಿರಿಯರು ಸುಮ್ಮನಾಗಿಬಿಡುತ್ತಾರೆ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಹೋದರು. ಆ ಸುದ್ದಿ ತಿಳಿದಾಗ ತಾವು ಎಲ್ಲಿದ್ದೆವು ಅಂತ ಅಪ್ಪನ ವಯಸ್ಸಿನವರು ಇವತ್ತಿಗೂ ಹೇಳುತ್ತಾರೆ. ಅಪ್ಪ ಕುಷ್ಟಗಿ ಬಸ್ಸಿನಲ್ಲಿದ್ದರಂತೆ, ಟಿಕೆಟ್ ಹರಿಯೋದು ಬಿಟ್ಟು ನಿಂತರಂತೆ. ಹಾಗಾಗಿ ಸಿನಿಮಾ ಮುಗಿದ ಕೂಡಲೇ ಲೈಟ್ ಹಚ್ಚಿ ಜಮಖಾನ ಮಡಚಲು ಹೋಗಬೇಡಿ. ಅವರು ಮಾತಾಡುವವರೆಗೆ ಕತ್ತಲಲ್ಲೇ ಕೂತಿರಿ.

ಮುಗಿದ ಮೇಲೆ

‘ಹೆಂಗಿತ್ತು?’ ಅಂತ ಕೇಳಿದರೆ ‘ಚಲೋ ಇತ್ತು’ ಅಂತ ಎದ್ದು ಹೋಗುತ್ತಾರೆ. ಬೇರೆ ಥರ ಕೇಳಿ. ‘ನೀವು ಮುತ್ತಣ್ಣನ ಜಾಗದಾಗ ಇದ್ದಿದ್ರ ಆ ಕೇಸು ಮತ್ತ ಮುಟ್ಟತಿದ್ರೇನು?’ ಅಂತ ನಾನು ಕೇಳಿದೆ. ದೊಡ್ಡಪ್ಪ ಇಲ್ಲ ಅಂದರು, ಹೋದದ್ದು ಹೋತು ಅಂದರು. ಕಾಕಾ ಜಗಳಕ್ಕೇ ನಿಂತರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಕೊನೆ ಟ್ರಿಪ್ಪಿನಲ್ಲಿ ಸೀಟಿನ ಕೆಳಗೆ ಸಿಕ್ಕ ಒಂದು ಟ್ರಂಕಿನ ಕಥೆ ತೆಗೆದರು. ಡಿಪೋಗೆ ಕೊಟ್ಟಿದ್ದರಂತೆ, ಯಾರೂ ಕೇಳಿಕೊಂಡು ಬರಲಿಲ್ಲವಂತೆ, ಅದರಲ್ಲಿ ಸಣ್ಣ ಮಗುವಿನ ಬಟ್ಟೆ ಇತ್ತಂತೆ. ಮೂವತ್ತು ವರ್ಷದ ಮೇಲಾಯಿತು, ನಮ್ಮಲ್ಲಿ ಯಾರಿಗೂ ಅದುವರೆಗೆ ಹೇಳಿರಲಿಲ್ಲ.

ಇನ್ನೊಂದು ತಯಾರಿ ಮಾಡಿಟ್ಟುಕೊಳ್ಳಿ. ‘ಮಿಂಚಿನ ಓಟ’ವನ್ನು ಮೊದಲ ದಿನ ನೋಡಿ ಅಳಿಸಿಬಿಡಬೇಡಿ, ಎರಡನೇ ದಿನವೂ ಕೈಗೆ ಸಿಗುವ ಹಾಗೆ ಇರಲಿ. ನಮ್ಮ ಮನೆಯಲ್ಲಿ ಹನ್ನೊಂದು ಗಂಟೆಗೆ ಎಲ್ಲರೂ ಎದ್ದರು, ಅವ್ವ ಹಾಸಿಗೆ ಹಾಸಲು ಹೋದಳು, ಅಪ್ಪ ಮಾತ್ರ ಕುರ್ಚಿ ಬಿಡಲಿಲ್ಲ. ‘ಏ ತಮ್ಮಾ, ನಿನ್ನೇದು ಇನ್ನೊಮ್ಮೆ ಹಚ್ಚು. ಸ್ವಲ್ಪ ನೋಡತೀನಿ’ ಅಂದರು.